ಮೂಲಾ ನಕ್ಷತ್ರ ಮತ್ತು ನಮ್ಮ ಝೀರೋ ಎರರ್

ಗೋಕುಲ ರಸ್ತೆಯಲ್ಲಿ ರೂಮು ಹಿಡಿದವರಿಗೆ ಎರಡು ಸದ್ದು ಕಾಯಂ. ಒಂದು ವಿಮಾನದ್ದು, ಇನ್ನೊಂದು ಇಂಡಸ್ಟ್ರಿಯಲ್ ಎಸ್ಟೇಟಿನ ಮಷೀನುಗಳದ್ದು. ಹೋದ ನವೆಂಬರಿನ ತನಕ ನಮ್ಮ ರೂಮಿಗೆ ಮೂರನೆಯದೂ ಒಂದಿತ್ತು: ಕೆಳಗಿನ ಮನೆಯಲ್ಲಿ ಅಕ್ಕ ಕೆಲಸ ಮಾಡುತ್ತ ಹಾಡಿಕೊಳ್ಳುವ ಸದ್ದು. ಅದು ನಿಂತಾಗಲೇ ನಮಗೆ ಕೆಳಗೆ ಏನೋ ಆಗಿದೆ ಅಂತ ಗೊತ್ತಾಗಿದ್ದು.

ನಾವು ನಾಲ್ಕು ಮಂದಿ. ಇಬ್ಬರು ಮೆಕ್ಯಾನಿಕಲ್, ಒಬ್ಬ ಸಿವಿಲ್, ಒಬ್ಬ ಕಂಪ್ಯೂಟರ್ ಸೈನ್ಸ್. ಎರಡು ವರ್ಷದಿಂದ ಗೋಕುಲ ರಸ್ತೆಯ ಒಂದು ಅಡ್ಡ ಓಣಿಯಲ್ಲಿ ಮಾಳಿಗೆ ಮೇಲಿನ ಒಂದೇ ಕೋಣೆಯಲ್ಲಿದ್ದೇವೆ. ಕೆಳಗೆ ಮಾಲಕರ ಮನೆ. ಬಸ್ ಡ್ರೈವರ್ ಆಗಿ ನಿವೃತ್ತರಾದ ಕಾಕಾ, ಮೆಸ್ಸಿಗೆ ರಜೆ ಇದ್ದ ದಿನ ಕೇಳದೆಯೇ ರೊಟ್ಟಿ ಕಳಿಸುವ ಕಾಕೂ, ಅವರ ಒಬ್ಬಳೇ ಮಗಳು. ಅವಳನ್ನು ನಾವೆಲ್ಲ ಅಕ್ಕ ಅನ್ನುತ್ತೇವೆ. ಇಲ್ಲೇ ಹತ್ತಿರದ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡುತ್ತಾಳೆ. ಈ ಬರಹವನ್ನು ಅವಳ ಒಪ್ಪಿಗೆ ಕೇಳಿಯೇ ಬರೆದಿದ್ದೇವೆ. "ಹೆಸರ ಹಾಕಬ್ಯಾಡ್ರಿ, ಉಳಿದದ್ದು ಎಲ್ಲಾ ಹಾಕ್ರಿ" ಅಂದಳು.

ತುಳಸಿ ಲಗ್ನ ಮುಗಿದ ಮೇಲೆ ಬೆಳಗಾವಿ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ, ಹುಡುಗಿ ಇಬ್ಬರೂ ಒಪ್ಪಿದ್ದರು. ಎರಡನೇ ಸುತ್ತಿನ ಮಾತಿಗೆ ಭಾನುವಾರ ಅಂತ ಗೊತ್ತಾಗಿತ್ತು. ಕಾಕೂ ನಮ್ಮ ಕೈಲೇ ಮಾರ್ಕೆಟ್ಟಿನಿಂದ ಹಣ್ಣು ತರಿಸಿದ್ದರು. ಶನಿವಾರ ರಾತ್ರಿ ಫೋನು ಬಂತು. ಕಾಕಾ ಸ್ಪೀಕರ್ ಹಾಕಿಯೇ ಮಾತಾಡುವವರು, ಹಾಗಾಗಿ ಮೆಟ್ಟಿಲ ಮೇಲಿದ್ದ ನಮಗೂ ಕೇಳಿತು.

"ನೀವು ಕೊಟ್ಟ ಜಾತಕದಾಗ ಪೂರ್ವಾಷಾಢಾ ಅಂತ ಐತಿ. ನಾವು ಮೊಬೈಲ್‌ನ್ಯಾಗ ಹಾಕಿ ನೋಡಿದ್ವಿ, ಮೂಲಾ ಬರ್ತೈತಿ. ಮೊದಲ ಹೇಳಬೇಕಿತ್ರೀ ನೀವು."

ಓದುವವರಲ್ಲಿ ಗೊತ್ತಿಲ್ಲದವರಿಗೆ ಹೇಳಬೇಕು. ಮೂಲಾ ನಕ್ಷತ್ರದ ಹುಡುಗಿ ಮನೆಗೆ ಬಂದರೆ ಮಾವನಿಗೆ ಆಗಿಬರುವುದಿಲ್ಲ ಅನ್ನುವ ಮಾತು ನಮ್ಮ ಕಡೆ ಇದೆ. ಆಶ್ಲೇಷಾ ಆದರೆ ಅತ್ತೆಗೆ, ಜ್ಯೇಷ್ಠಾ ಆದರೆ ಗಂಡನ ಅಣ್ಣನಿಗೆ, ವಿಶಾಖಾ ಆದರೆ ಮೈದುನನಿಗೆ. ಹುಡುಗನ ನಕ್ಷತ್ರದಿಂದ ಹುಡುಗಿಯ ಅಪ್ಪನಿಗೆ ಏನಾಗುತ್ತದೆ ಅಂತ ಯಾರೂ ಹೇಳಿದ್ದು ನಾವು ಕೇಳಿಲ್ಲ.

ಕಾಕಾಗೆ ಸಂಬಂಧ ತಪ್ಪಿದ್ದಕ್ಕಿಂತ "ಮೊದಲ ಹೇಳಬೇಕಿತ್ತು" ಅನ್ನುವ ಮಾತು ಹೆಚ್ಚು ಚುಚ್ಚಿತು. ಜೀವಮಾನ ಸ್ಟೇರಿಂಗ್ ಹಿಡಿದು ಒಂದು ಆಕ್ಸಿಡೆಂಟ್ ಮಾಡದ ಮನುಷ್ಯ. ಮಗಳ ಜಾತಕ ತಿದ್ದಿ ಕೊಟ್ಟ ಅನ್ನಿಸಿಕೊಂಡ. ಹಳದಿ ಹಾಳೆಯ ಮೇಲೆ, ಅಕ್ಕ ಹುಟ್ಟಿದಾಗ ಹಿರಿಯರೊಬ್ಬರು ಬರೆದುಕೊಟ್ಟ ಆ ಜಾತಕವನ್ನು ಹಿಡಿದುಕೊಂಡು ಮರುದಿನ ನಮ್ಮ ರೂಮಿಗೇ ಬಂದರು.

"ನೀವು ಇಂಜಿನಿಯರಿಂಗ್ ಓದೂ ಹುಡುಗ್ರು. ಇದರಾಗ ಯಾವುದು ಸುಳ್ಳು ಹೇಳ್ರಿ. ಈ ಹಾಳಿಯೋ, ಆ ಮೊಬೈಲೋ?"

ನಾವು ಅದೇ ಥರದ ಒಂದು ಆ್ಯಪ್ ಇಳಿಸಿ ಹುಟ್ಟಿದ ತಾರೀಖು, ವೇಳೆ, ಊರು ಹುಬ್ಬಳ್ಳಿ ಅಂತ ಹಾಕಿದೆವು. ಬಂತು: ಚಂದ್ರ ಧನು ರಾಶಿಯಲ್ಲಿ 12 ಡಿಗ್ರಿ 36 ಮಿನಿಟು, ಮೂಲಾ, ನಾಲ್ಕನೇ ಪಾದ. ಕಾಕಾನ ಮುಖ ಇಳಿಯಿತು. ಕಂಪ್ಯೂಟರ್ ಸೈನ್ಸಿನವನಿಗೆ ಒಂದು ಚಟ. ಯಾವ ಆ್ಯಪ್ ತೆಗೆದರೂ ಮೊದಲು ಸೆಟಿಂಗ್ಸ್ ಒಳಗೆ ಹೋಗುತ್ತಾನೆ. ಅಲ್ಲಿ "ಅಯನಾಂಶ" ಅಂತ ಒಂದು ಪಟ್ಟಿ ಇತ್ತು. ಲಾಹಿರಿ, ರಾಮನ್, ಕೃಷ್ಣಮೂರ್ತಿ, ಹೀಗೆ ಉದ್ದಕ್ಕೆ ಹೆಸರುಗಳು. ಲಾಹಿರಿ ಮೇಲೆ ಟಿಕ್ ಇತ್ತು. ಅವನು ರಾಮನ್ ಒತ್ತಿದ.

ಚಂದ್ರ 14 ಡಿಗ್ರಿ 3 ಮಿನಿಟಿಗೆ ಹಾರಿದ. ನಕ್ಷತ್ರ: ಪೂರ್ವಾಷಾಢಾ, ಮೊದಲನೇ ಪಾದ.

ಹಾಳೆ ಸುಳ್ಳಲ್ಲ, ಮೊಬೈಲೂ ಸುಳ್ಳಲ್ಲ. ಮೂಲಾ ಮುಗಿದು ಪೂರ್ವಾಷಾಢಾ ಶುರುವಾಗುವ ಗೆರೆ ಧನುವಿನ 13 ಡಿಗ್ರಿ 20 ಮಿನಿಟಿನಲ್ಲಿದೆ. ಒಂದು ಲೆಕ್ಕದಲ್ಲಿ ಅಕ್ಕ ಗೆರೆಯ ಈಚೆ, ಇನ್ನೊಂದರಲ್ಲಿ ಆಚೆ. ಎರಡೂ ಲೆಕ್ಕಕ್ಕೆ ನಡುವೆ ಸುಮಾರು 1 ಡಿಗ್ರಿ 27 ಮಿನಿಟು. ಚಂದ್ರ ಅಷ್ಟು ದಾರಿ ಸವೆಸಲು ಎರಡೂವರೆ ತಾಸು ಬೇಕು. ಒಂದು ಟಿಕ್ ಮಾರ್ಕಿಗೆ ಅಕ್ಕ ಎರಡೂವರೆ ತಾಸು ತಡವಾಗಿ ಹುಟ್ಟಿದಂಗಾಯಿತು.

ಕಾಕಾ ಕೇಳಿದರು, "ಈ ಅಯನಾಂಶ ಅಂದ್ರ ಏನು?" ನಮಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಲು ನಾಚಿಕೆಯಾಗಿ "ನಾಳೆ ಹೇಳ್ತೀವ್ರಿ" ಅಂದೆವು. ಆ ವಾರ ಇಂಟರ್ನಲ್ಸ್ ಇತ್ತು. ಇಂಟರ್ನಲ್ಸಿಗೆ ಓದದಷ್ಟು ಇದನ್ನು ಓದಿದೆವು.

ಶುರು ಮಾಡಬೇಕಾದ್ದು ಬುಗುರಿಯಿಂದ. ಬುಗುರಿ ಜೋರಾಗಿ ತಿರುಗುವಾಗ ಅದರ ಮೊಳೆ ನೆಟ್ಟಗೆ ನಿಲ್ಲುವುದಿಲ್ಲ, ವಾಲಿಕೊಂಡೇ ನಿಧಾನಕ್ಕೆ ಒಂದು ಸುತ್ತು ಹಾಕುತ್ತದೆ. ಡೈನಾಮಿಕ್ಸ್ ಲ್ಯಾಬಿನಲ್ಲಿ ಜೈರೋಸ್ಕೋಪಿಗೆ ತೂಕ ಹಾಕಿ ನಾವು ಸ್ಟಾಪ್‌ವಾಚ್ ಒತ್ತುತ್ತೇವಲ್ಲ, ಅದೇ. ಭೂಮಿಯೂ ಒಂದು ಬುಗುರಿ. ಅದರ ಅಕ್ಷ 23.4 ಡಿಗ್ರಿ ವಾಲಿದೆ. ಭೂಮಿ ಪೂರ್ತಿ ಗೋಲವಲ್ಲ. ಸಮಭಾಜಕದ ಹತ್ತಿರ ಅದರ ತ್ರಿಜ್ಯ 6378 ಕಿ.ಮೀ., ಧ್ರುವದ ಹತ್ತಿರ 6357. ಈ 21 ಕಿ.ಮೀ. ಹೊಟ್ಟೆಯನ್ನು ಚಂದ್ರ, ಸೂರ್ಯ ಇಬ್ಬರೂ ಎಳೆಯುತ್ತಾರೆ. ಮೂರರಲ್ಲಿ ಎರಡು ಪಾಲು ಎಳೆತ ಚಂದ್ರನದು. ವಾಲಿದ್ದನ್ನು ನೆಟ್ಟಗೆ ಮಾಡಲು ಎಳೆದರೆ, ತಿರುಗುವ ವಸ್ತು ನೆಟ್ಟಗಾಗುವುದಿಲ್ಲ, ಅಡ್ಡಕ್ಕೆ ಸರಿಯುತ್ತದೆ. ಹಾಗೆ ಭೂಮಿಯ ಅಕ್ಷ ಆಕಾಶದಲ್ಲಿ ಒಂದು ದೊಡ್ಡ ವೃತ್ತ ಬರೆಯುತ್ತಿದೆ. ಒಂದು ಸುತ್ತಿಗೆ ಸುಮಾರು 25,800 ವರ್ಷ. ಅಂದರೆ 72 ವರ್ಷಕ್ಕೆ ಒಂದು ಡಿಗ್ರಿ, ಒಬ್ಬ ಮನುಷ್ಯನ ಆಯುಷ್ಯಕ್ಕೆ ಒಂದು ಡಿಗ್ರಿ. ಇದಕ್ಕೆ ಅಯನಚಲನೆ ಅನ್ನುತ್ತಾರೆ.

ಮದುವೆಯಲ್ಲಿ ಹೊಸ ದಂಪತಿಗೆ ಧ್ರುವ ನಕ್ಷತ್ರ ತೋರಿಸುವ ಶಾಸ್ತ್ರ ಇದೆ. ಅದರಂತೆ ಕದಲದೆ ಇರಿ ಅಂತ. ಈಗ ಅಕ್ಷದ ತುದಿ ಅದರ ಕಡೆ ಇರುವುದರಿಂದ ಅದು ಧ್ರುವ. ಸುಮಾರು 4,800 ವರ್ಷದ ಹಿಂದೆ ಆ ಜಾಗ ಥುಬಾನ್ ಅನ್ನುವ ನಕ್ಷತ್ರದ್ದಾಗಿತ್ತು. ಇನ್ನು 12,000 ವರ್ಷಕ್ಕೆ ಅಭಿಜಿತ್ ನಕ್ಷತ್ರ ಆ ಜಾಗದ ಹತ್ತಿರ ಬರುತ್ತದೆ.

ಇದಕ್ಕೂ ಜಾತಕಕ್ಕೂ ಸಂಬಂಧ ಏನು ಅಂದರೆ, ಸೊನ್ನೆ. ರಾಶಿಚಕ್ರ 360 ಡಿಗ್ರಿಯ ಒಂದು ಸ್ಕೇಲ್. ಸ್ಕೇಲಿಗೆ ಸೊನ್ನೆ ಎಲ್ಲಿಟ್ಟಿರಿ ಅನ್ನುವುದೇ ಮೊದಲ ಪ್ರಶ್ನೆ. ಮಾರ್ಚ್ 20 ಅಥವಾ 21ಕ್ಕೆ ಹಗಲು-ರಾತ್ರಿ ಸಮ ಆಗುವಾಗ ಸೂರ್ಯ ಇರುವ ಬಿಂದುವನ್ನು ಸೊನ್ನೆ ಅಂದರೆ ಅದು ಸಾಯನ ಪದ್ಧತಿ. ಇಂಗ್ಲಿಷ್ ಪೇಪರಿನ ರಾಶಿಫಲ ನಡೆಯುವುದು ಇದರ ಮೇಲೆ. ಅಕ್ಷ ಸರಿದಂತೆ ಈ ಬಿಂದು ನಕ್ಷತ್ರಗಳ ಎದುರು ಹಿಂದೆ ಹಿಂದೆ ಜಾರುತ್ತದೆ. ಬದಲಿಗೆ ನಕ್ಷತ್ರಗಳನ್ನೇ ಹಿಡಿದು ಸೊನ್ನೆ ಇಟ್ಟರೆ ಅದು ನಿರಯನ ಪದ್ಧತಿ, ನಮ್ಮ ಪಂಚಾಂಗದ್ದು. ಎರಡೂ ಸೊನ್ನೆಗಳ ನಡುವಿನ ಅಂತರವೇ ಅಯನಾಂಶ. ಲಾಹಿರಿ ಲೆಕ್ಕದಲ್ಲಿ ಈಗ ಅದು 24 ಡಿಗ್ರಿಗೆ ತುಸು ಮೇಲೆ.

ಫಸ್ಟ್ ಇಯರ್ ಫಿಸಿಕ್ಸ್ ಲ್ಯಾಬ್ ನೆನಪಿಸಿಕೊಳ್ಳಿ. ವರ್ನಿಯರ್ ಕ್ಯಾಲಿಪರ್ಸಿನ ದವಡೆ ಮುಚ್ಚಿದಾಗ ಸೊನ್ನೆಗೆ ಸೊನ್ನೆ ಕೂಡದಿದ್ದರೆ ಝೀರೋ ಎರರ್ ಬರೆದುಕೊಂಡು ಪ್ರತಿ ರೀಡಿಂಗಿನಿಂದ ಕಳೆಯುತ್ತಿದ್ದೆವು. ಅಯನಾಂಶ ಅಂಥದ್ದೇ ಒಂದು ತಿದ್ದುಪಡಿ. ಫರಕು ಇಷ್ಟೇ, ಈ ಕ್ಯಾಲಿಪರ್ಸಿನ ಝೀರೋ ಎರರ್ ವರ್ಷಕ್ಕೆ 50 ಸೆಕೆಂಡಿನಷ್ಟು, ಅಂದರೆ ಡಿಗ್ರಿಯ ಎಪ್ಪತ್ತೆರಡನೇ ಒಂದು ಭಾಗದಷ್ಟು, ಬೆಳೆಯುತ್ತಲೇ ಇರುತ್ತದೆ.

ನಮ್ಮೊಳಗೊಬ್ಬ ಹುಟ್ಟಿದ್ದು ಆಗಸ್ಟ್ 5ಕ್ಕೆ. ಇನ್‌ಸ್ಟಾಗ್ರಾಂ ಬಯೋದಲ್ಲಿ ಸಿಂಹದ ಚಿತ್ರ ಹಾಕಿಕೊಂಡಿದ್ದಾನೆ. ಪಂಚಾಂಗ ತೆಗೆದು ನೋಡಿದರೆ ಆ ದಿನ ಸೂರ್ಯ ಇನ್ನೂ ಕರ್ಕದಲ್ಲೇ ಇರುತ್ತಾನೆ, ಸಿಂಹಕ್ಕೆ ಬರುವುದು 16-17ಕ್ಕೆ. ಊರಲ್ಲಿ ಅವನ ರಾಶಿ ಕೇಳಿದರೆ ಮತ್ತೊಂದು, ಯಾಕಂದರೆ ನಮ್ಮಲ್ಲಿ ರಾಶಿ ಅಂದರೆ ಚಂದ್ರನ ರಾಶಿ. ಒಬ್ಬನೇ ಮನುಷ್ಯನಿಗೆ ಮೂರು ಸ್ವಭಾವ. ಆ ವಾರ ಪೂರ್ತಿ ಅವನಿಗೆ ಏಡಿ ಅಂತ ಹೆಸರು ಬಿತ್ತು.

ಹೋಗಲಿ, ನಕ್ಷತ್ರ ಹಿಡಿದು ಸೊನ್ನೆ ಇಟ್ಟರೆ ಜಗಳ ಮುಗಿಯಬೇಕಿತ್ತಲ್ಲ? ಮುಗಿಯಲಿಲ್ಲ. ನಿರಯನದ ಸೊನ್ನೆ ಇರುವ ಜಾಗದಲ್ಲಿ ಎಲ್ಲರೂ ಒಪ್ಪುವಂಥ ಹೊಳೆಯುವ ನಕ್ಷತ್ರವಿಲ್ಲ. ಕೆಲವರು ರೇವತಿಯನ್ನು ಹಿಡಿದರು. ಬಾಲ ಗಂಗಾಧರ ಟಿಳಕರು ಆ ಪಕ್ಷದವರು. ಕೆಲವರು ಚಿತ್ರಾ ನಕ್ಷತ್ರವನ್ನು 180 ಡಿಗ್ರಿ ಅಂತ ಇಟ್ಟು ಅದರ ಸರಿ ಎದುರಿಗೆ ಸೊನ್ನೆ ಅಂದರು. ಎರಡು ಪಕ್ಷಗಳ ನಡುವೆ ಸುಮಾರು 4 ಡಿಗ್ರಿ. ಬೆಂಗಳೂರಿನ ಬಿ. ವಿ. ರಾಮನ್ ಅವರು ಎರಡೂ ಸೊನ್ನೆ ಒಂದಾಗಿದ್ದ ವರ್ಷ ಕ್ರಿ.ಶ. 397 ಅಂದರು. ಲಾಹಿರಿ ಲೆಕ್ಕಕ್ಕೆ ಅದು ಕ್ರಿ.ಶ. 285. ಈ ನೂರಾ ಹನ್ನೆರಡು ವರ್ಷದ ಫರಕೇ ನಮ್ಮ ಮೊಬೈಲಿನಲ್ಲಿ ಹೆಚ್ಚುಕಡಿಮೆ ಒಂದೂವರೆ ಡಿಗ್ರಿಯಾಗಿ ಕೂತಿತ್ತು.

ಹಾಗಾದರೆ ಲಾಹಿರಿ ಮೇಲೆ ಟಿಕ್ ಬಂದದ್ದು ಹೇಗೆ? ಸ್ವಾತಂತ್ರ್ಯ ಬಂದಾಗ ದೇಶದ ತುಂಬ ಒಂದೊಂದು ಕಡೆ ಒಂದೊಂದು ಪಂಚಾಂಗ. 1952ರಲ್ಲಿ ಸರಕಾರ ಪಂಚಾಂಗ ಸುಧಾರಣಾ ಸಮಿತಿ ಮಾಡಿತು. ಅಧ್ಯಕ್ಷರು ಮೇಘನಾದ ಸಾಹಾ. ನಕ್ಷತ್ರಗಳ ಬಿಸಿಯನ್ನೂ ಬೆಳಕನ್ನೂ ಜೋಡಿಸಿದ ಸಾಹಾ ಸಮೀಕರಣದವರೇ. ಕಾರ್ಯದರ್ಶಿ ಎನ್. ಸಿ. ಲಾಹಿರಿ. ಸಮಿತಿ 1955ರಲ್ಲಿ ವರದಿ ಕೊಟ್ಟಿತು. 1956ರ ಮಾರ್ಚ್ 21ಕ್ಕೆ ಅಯನಾಂಶ 23 ಡಿಗ್ರಿ 15 ಮಿನಿಟು ಅಂತ ಹಿಡಿಯಿತು. 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ಅಂದರೆ ಅಕ್ಕನ ಮೂಲಾ ಒಂದು ಸಮಿತಿಯ ಟೇಬಲ್ಲಿನ ಮೇಲೆ ಒಪ್ಪಿಕೊಂಡ ಅಂಕಿಯಿಂದ ಬಂದದ್ದು. ಸಮಿತಿಯ ತಪ್ಪಲ್ಲ. ದೇಶಕ್ಕೆ ಒಂದು ಡೇಟಮ್ ಬೇಕಿತ್ತು, ಇಟ್ಟರು. ನಮ್ಮ ಸಿವಿಲ್‌ನವನ ಮಾತಲ್ಲಿ ಹೇಳುವುದಾದರೆ, ಬೆಂಚ್‌ಮಾರ್ಕ್ ಎಲ್ಲಾದರೂ ಒಂದು ಕಡೆ ಇಡಲೇಬೇಕು, ಆದರೆ ಅದನ್ನ ಗುಡ್ಡ ತಾನೇ ಹುಟ್ಟಿಸಿಲ್ಲ.

ಚಿತ್ರಾ ಪಕ್ಷದ ಬಗ್ಗೆ ಓದುವಾಗ ನಮ್ಮ ಊರುಗಳ ಹತ್ತಿರದ ಹೆಸರೊಂದು ಸಿಕ್ಕಿತು. ಹುಬ್ಬಳ್ಳಿಯಿಂದ ನವಲಗುಂದ ದಾಟಿದರೆ ನರಗುಂದ. 1858ರ ಬಂಡಾಯದ ನರಗುಂದ. ಆ ಬಂಡಾಯಕ್ಕೆ ನಾಲ್ಕು ವರ್ಷ ಮೊದಲು, 1854ರಲ್ಲಿ, ಅಲ್ಲಿ ವೆಂಕಟೇಶ ಬಾಪೂಜಿ ಕೇತಕರ ಹುಟ್ಟಿದರು. ಮುಂಬೈ ಪ್ರಾಂತದಲ್ಲಿ ಶಾಲಾ ಮಾಸ್ತರರಾಗಿದ್ದುಕೊಂಡೇ ಪಂಚಾಂಗದ ಲೆಕ್ಕವನ್ನು ಆಕಾಶಕ್ಕೆ ಹೋಲಿಸಿ ತಿದ್ದಿದವರು. 'ಜ್ಯೋತಿರ್ಗಣಿತ' ಅಂತ ಸಂಸ್ಕೃತದಲ್ಲಿ ದೊಡ್ಡ ಗ್ರಂಥ ಬರೆದರು. ಚಿತ್ರಾ ಪಕ್ಷವನ್ನು ಎತ್ತಿಹಿಡಿದವರಲ್ಲಿ ಪ್ರಮುಖರು. 1911ರಲ್ಲಿ ಫ್ರಾನ್ಸಿನ ಖಗೋಳ ಪತ್ರಿಕೆಯೊಂದರಲ್ಲಿ, ನೆಪ್ಚೂನಿನ ಆಚೆ ಸೂರ್ಯನಿಂದ 38.95 ಖಗೋಳಮಾನ ದೂರದಲ್ಲಿ, 242 ವರ್ಷಕ್ಕೊಮ್ಮೆ ಸುತ್ತುವ ಗ್ರಹ ಇರಬಹುದು ಅಂತ ಬರೆದರು. 1930ರಲ್ಲಿ ಪ್ಲೂಟೋ ಸಿಕ್ಕಿತು. ದೂರ 39.5, ಸುತ್ತು 248 ವರ್ಷ. ಅದೇ ವರ್ಷ ಕೇತಕರರು ತೀರಿಕೊಂಡರು. ಅಂಕಿ ಕೂಡಿದ್ದು ಕಾಕತಾಳೀಯವೇ ಇರಬಹುದು. ಆದರೂ ಒಬ್ಬ ಶಾಲಾ ಮಾಸ್ತರರು ಇಂಥ ಧೈರ್ಯ ಮಾಡಿದ್ದರು ಅನ್ನುವುದು ಇಷ್ಟು ಹತ್ತಿರದಲ್ಲಿರುವ ನಮಗೆ ಗೊತ್ತೇ ಇರಲಿಲ್ಲ.

ಅವರಿಗಿಂತ ಹಿಂದಿನವರೂ ಸುಮ್ಮನೆ ಕೂತವರಲ್ಲ. ವೇದಾಂಗ ಜ್ಯೋತಿಷದಲ್ಲಿ ಉತ್ತರಾಯಣ ಶುರುವಾಗುವುದು ಧನಿಷ್ಠಾ ನಕ್ಷತ್ರದ ಮೊದಲಲ್ಲಿ. ವರಾಹಮಿಹಿರನ ಕಾಲಕ್ಕೆ ಮಕರದ ಮೊದಲಲ್ಲಿ. ಹಿಂದೆ ಬೇರೆ ಕಡೆ ಇತ್ತು, ಈಗ ಇಲ್ಲಿದೆ ಅಂತ ಅವನೇ ಬರೆದಿದ್ದಾನೆ. ಸೂರ್ಯಸಿದ್ಧಾಂತದಲ್ಲಿ ಈ ಚಲನೆ ವರ್ಷಕ್ಕೆ 54 ಸೆಕೆಂಡು. ಇವತ್ತಿನ ಅಳತೆ 50.3. ಸಿದ್ಧಾಂತ ಹೇಳಿದಂತೆ ಅದು 27 ಡಿಗ್ರಿ ಹೋಗಿ ಹಿಂದಕ್ಕೆ ಬರುವುದಿಲ್ಲ, ಒಂದೇ ದಿಕ್ಕಿಗೆ ಹೋಗುತ್ತದೆ. ಆದರೂ ದುರ್ಬೀನು ಇಲ್ಲದ ಕಾಲಕ್ಕೆ ಅದೇನು ಕಡಿಮೆ ರೀಡಿಂಗ್ ಅಲ್ಲ.

ಇಷ್ಟನ್ನೂ ಹೊತ್ತುಕೊಂಡು ಕೆಳಗೆ ಹೋದೆವು. ಕಾಕಾಗೆ ಡಿಗ್ರಿ, ಮಿನಿಟು ಹೇಳಿದರೆ ತಲೆ ಆಡಿಸಿದರು, ತಲೆಗೆ ಹೋಗಲಿಲ್ಲ. ಆಮೇಲೆ ಸಿವಿಲ್‌ನವ ಮಳೆ ಲೆಕ್ಕಕ್ಕೆ ಬಂದ. ಅವನದು ಹೊಲಮನೆ ಇರುವ ಊರು, ಕಾಕಾನದೂ ಹಾಗೇ.

"ಕಾಕಾ, ಮಿರಗಾ ಯಾವಾಗ ಕೂಡತೈತಿ?"

"ಜೂನ್ ಏಳು-ಎಂಟಕ್ಕ."

"ಅಂದ್ರ ಅವತ್ತ ಸೂರ್ಯ ಮೃಗಶಿರಾ ನಕ್ಷತ್ರಕ್ಕ ಬರ್ತಾನ. ಆದ್ರ ಮಳಿ ಬರೂದು ನಕ್ಷತ್ರ ನೋಡಿ ಅಲ್ಲ, ಬಿಸಲಿನ ಲೆಕ್ಕಕ್ಕ. ಎರಡೂ ಎಪ್ಪತ್ತ ವರ್ಷಕ್ಕ ಒಂದ ದಿನ ದೂರ ಆಗ್ತಾವ. ಸಾವಿರದ ಏಳನೂರು ವರ್ಷದ ಹಿಂದ ಮಿರಗಾ ಕೂಡತಿದ್ದದ್ದು ಈಗಿನ ಲೆಕ್ಕದಾಗ ಮೇ ನಡುವಿಗೆ."

ಕಾಕಾ ಸುಮ್ಮನೆ ಕೂತರು. ಆಮೇಲೆ, "ಅಂದ್ರ ಮಿರಗಾನೂ ಸರೀತದ. ನಮ್ಮ ಮಂದಿ ಹೆಸರು ಹಿಡಕೊಂಡು ಕುಂತಾರ" ಅಂದರು.

ನಮಗೋ ಗೆದ್ದ ಹುರುಪು. ಹುಡುಗನ ಮನೆಯವರಿಗೆ ಕಳಿಸಲು ಒಂದು ಸ್ಕ್ರೀನ್‌ಶಾಟ್ ತಯಾರಿಟ್ಟಿದ್ದೆವು. ರಾಮನ್ ಅಯನಾಂಶದ್ದು, ಪೂರ್ವಾಷಾಢಾ ಅಂತ ದೊಡ್ಡದಾಗಿ ಕಾಣುವಂಥದ್ದು. ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದ ಅಕ್ಕನಿಗೆ ತೋರಿಸಿದೆವು.

"ನೋಡಕ್ಕಾ, ನೀ ಮೂಲಾ ಅಲ್ಲವೇ ಅಲ್ಲ. ರೇವತಿ ಪಕ್ಷ ಹಿಡಿದರೂ ಪೂರ್ವಾಷಾಢಾನೇ ಬರ್ತದ. ಇದನ್ನ ಕಳಿಸಿಬಿಡೋಣ."

ಅಕ್ಕ ಮೊಬೈಲ್ ಕೈಗೆ ತಗೊಂಡು ನೋಡಿದಳು. ವಾಪಸ್ ಕೊಟ್ಟಳು.

"ಯಾವ ಸೆಟಿಂಗ್ ಹಾಕಿದರೂ ಮೂಲಾನೇ ಬರೂ ಹುಡುಗಿ ಇರ್ತಾಳಲ್ಲ, ಅಕಿಗೆ ಏನ್ ಕಳಸ್ತೀರಿ?"

ನಾವು ಯಾರೂ ಮಾತಾಡಲಿಲ್ಲ.

"ನನ್ನ ಪಾಸ್ ಮಾಡಿಸಾಕ ಬಂದೀರಿ ನೀವು. ಪರೀಕ್ಷಾನ ಸರಿ ಇಲ್ಲ ಅಂತ ಹೇಳಾಕ ಬಂದಿಲ್ಲ."

ಅಷ್ಟೇ ಅಂದಳು. ಒಳಗೆ ಹೋದಳು. ನಾವು ಮೆಟ್ಟಿಲು ಹತ್ತಿ ರೂಮಿಗೆ ಬಂದೆವು.

ಆ ರಾತ್ರಿ ನಿದ್ದೆ ಬರದೆ ಲೆಕ್ಕ ಹಾಕಿದೆವು. ನಕ್ಷತ್ರ 27. ಹೆಣ್ಣಿಗೆ ದೋಷ ಅಂತ ಹೆಸರಿಟ್ಟದ್ದು ನಾಲ್ಕು. 27ಕ್ಕೆ 4 ಅಂದರೆ ನೂರಕ್ಕೆ ಹದಿನೈದರ ಹತ್ತಿರ. 60 ಹುಡುಗಿಯರಿರುವ ಕ್ಲಾಸಿನಲ್ಲಿ ಸರಾಸರಿ ಒಂಬತ್ತು ಮಂದಿ. ನಮ್ಮ ಪಕ್ಕದ ಬೆಂಚಿನಲ್ಲಿ ಕೂತವರು, ಲ್ಯಾಬಿನಲ್ಲಿ ನಮ್ಮ ರೆಕಾರ್ಡ್ ಬರೆದುಕೊಟ್ಟವರು. ಇನ್ನು ಅಯನಾಂಶ ಲಾಹಿರಿಯಿಂದ ರಾಮನ್‌ಗೆ ಬದಲಿಸಿದರೆ ನೂರರಲ್ಲಿ ಸುಮಾರು ಹನ್ನೊಂದು ಮಂದಿಯ ನಕ್ಷತ್ರ ಬದಲಾಗುತ್ತದೆ. ಕೆಲವರು ದೋಷದಿಂದ ಹೊರಗೆ ಬೀಳುತ್ತಾರೆ, ಅಷ್ಟೇ ಮಂದಿ ಹೊಸದಾಗಿ ಒಳಗೆ ಬೀಳುತ್ತಾರೆ. ಸೊನ್ನೆ ಎಲ್ಲಿಟ್ಟರೂ ಒಂಬತ್ತು ಒಂಬತ್ತೇ. ಅಕ್ಕ ಹೇಳಿದ್ದು ಇದೇ. ಸ್ಕೇಲ್ ತಿದ್ದಿ ಒಬ್ಬಳನ್ನು ಪಾರು ಮಾಡಿದರೆ ಇನ್ನೊಬ್ಬಳನ್ನು ಆ ಜಾಗದಲ್ಲಿ ನಿಲ್ಲಿಸಿದಂಗೆ.

ಇನ್ನೊಂದು ಒಪ್ಪಿಕೊಳ್ಳಬೇಕು. ನಮ್ಮೊಳಗೊಬ್ಬನ ಮನೆಯಲ್ಲಿ ದೀಪಾವಳಿಗೆ ಅವನ ಅಣ್ಣನಿಗೆ ನೋಡಿದ ಹುಡುಗಿಯನ್ನು ಆಶ್ಲೇಷಾ ಅಂತ ಬಿಟ್ಟಿದ್ದರು. ಅವನು ಅಲ್ಲೇ ಕೂತು ಕರ್ಜಿಕಾಯಿ ತಿನ್ನುತ್ತಿದ್ದ. ಅವನಿಗೆ ಅದು ಮಾತೇ ಅನ್ನಿಸಿರಲಿಲ್ಲ. ಅಕ್ಕನ ಮಾತು ಕೇಳಿ ಬಂದ ರಾತ್ರಿ ಹೇಳಿದ. "ನಾನೂ ಆ ಬೆಳಗಾವಿ ಮಂದಿನ, ಲೇ" ಅಂದ.

ಡಿಸೆಂಬರ್ 21ಕ್ಕೆ ಮಾಳಿಗೆ ಮೇಲೆ ಒಂದು ಪ್ರಯೋಗ ಮಾಡಿದೆವು. ಯಾರಿಗೂ ಏನೂ ಸಾಧಿಸಿ ತೋರಿಸಲು ಅಲ್ಲ, ಓದಿದ್ದನ್ನು ಒಮ್ಮೆಯಾದರೂ ಕಣ್ಣಲ್ಲಿ ನೋಡಬೇಕು ಅನ್ನಿಸಿತು. ಒಂದು ಮೀಟರ್ ಉದ್ದದ ಸರಳನ್ನು ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿದೆವು. ಹುಬ್ಬಳ್ಳಿ ನಮ್ಮ ಗಡಿಯಾರದ ರೇಖೆಗಿಂತ ಪಶ್ಚಿಮಕ್ಕಿರುವುದರಿಂದ ಸೂರ್ಯ ನಡುನೆತ್ತಿಯ ಗೆರೆಗೆ ಬರುವುದು 12 ಗಂಟೆ 28 ನಿಮಿಷದ ಆಸುಪಾಸು. ಆಗ ನೆರಳು ಅತಿ ಗಿಡ್ಡ. ಅಳೆದರೆ 80 ಸೆಂ.ಮೀ. ಹುಬ್ಬಳ್ಳಿಯ ಅಕ್ಷಾಂಶ 15.35, ಭೂಮಿಯ ವಾಲು 23.44, ಎರಡನ್ನೂ ಕೂಡಿ ಟ್ಯಾನ್ ತೆಗೆದರೆ ಕ್ಯಾಲ್ಕ್ಯುಲೇಟರೂ ಅದನ್ನೇ ಹೇಳಿತು. ವರ್ಷದ ಎಲ್ಲ ಮಧ್ಯಾಹ್ನಗಳಲ್ಲಿ ಅತಿ ಉದ್ದದ ನೆರಳು ಇದು. ಮರುದಿನದಿಂದ ಅದು ಕಡಿಮೆಯಾಗುತ್ತ ಹೋಗುತ್ತದೆ. ನಿಜವಾದ ಉತ್ತರಾಯಣ ಅವತ್ತೇ.

ಕಾಕಾ ಬಟ್ಟೆ ಒಣಹಾಕಲು ಮೇಲೆ ಬಂದವರು ನಿಂತು ನೋಡಿದರು. "ಉತ್ತರಾಯಣ ಸಂಕ್ರಾಂತಿಗಲ್ಲೇನು?" ಅಂದರು. ಸುಮಾರು 1,700 ವರ್ಷದ ಹಿಂದೆ ಎರಡೂ ಒಂದೇ ದಿನ ಇದ್ದವು, ಆಮೇಲೆ ಸಂಕ್ರಾಂತಿ ಎಪ್ಪತ್ತು ವರ್ಷಕ್ಕೊಂದು ದಿನದಂತೆ ಮುಂದೆ ಸರಿದಿದೆ ಅಂತ ಹೇಳಿದೆವು. ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12, ಅವತ್ತು ಮಕರ ಸಂಕ್ರಾಂತಿ. ಈಗ 14, 15. ಹೀಗೇ ಹೋದರೆ ಇನ್ನು ಸುಮಾರು 1,200 ವರ್ಷಕ್ಕೆ ಎಳ್ಳು-ಬೆಲ್ಲ ಫೆಬ್ರುವರಿಯಲ್ಲಿ.

"ಮತ್ತ ಇವತ್ತ ಸೂರ್ಯ ಎಲ್ಲಿದಾನ?" ಅಂದರು ಕಾಕಾ. ನಮಗೆ ಹೇಳಲು ತುಸು ಹಿಂಜರಿಕೆಯಾಯಿತು. ಕಾಕಾನೇ ಕೆಳಗೆ ಹೋಗಿ ಗೋಡೆಯ ಪಂಚಾಂಗದ ಕ್ಯಾಲೆಂಡರ್ ನೋಡಿಕೊಂಡು ಬಂದರು. ಧನು ರಾಶಿ, ಡಿಸೆಂಬರ್ 16ರಿಂದ ತಿಂಗಳ ಕೊನೆ ವಾರದವರೆಗೆ ಮೂಲಾ. ಅದೂ ಲಾಹಿರಿ ಲೆಕ್ಕದ್ದೇ. ರಾಮನ್ ಹಾಕಿದರೂ ಬದಲಾಗುವುದಿಲ್ಲ, ಅವತ್ತು ಸೂರ್ಯ ಮೂಲಾದ ನಡುಮಧ್ಯದಲ್ಲಿರುತ್ತಾನೆ.

"ಸೂರ್ಯ ತಿರುಗೂದು ಮೂಲಾದಾಗ" ಅಂದರು ಕಾಕಾ. ಪ್ರಶ್ನೆಯಂತೂ ಅಲ್ಲ. ಹಸಿ ಬಟ್ಟೆ ಕೈಯಲ್ಲೇ ಇತ್ತು. "ದಿನ ದೊಡ್ಡದಾಗೂದು ಇಲ್ಲಿಂದ?"

"ಹೌದ್ರಿ ಕಾಕಾ."

ಇದರಿಂದ ಮೂಲಾ ಶುಭ ಅಂತ ನಾವು ಹೇಳುತ್ತಿಲ್ಲ. ಅದು ಮತ್ತೆ ಅದೇ ತಪ್ಪು. ಇನ್ನು ಕೆಲವು ನೂರು ವರ್ಷ ಹೋದರೆ ಉತ್ತರಾಯಣ ಮೂಲಾವನ್ನೂ ಬಿಟ್ಟು ಜ್ಯೇಷ್ಠಾಕ್ಕೆ ಜಾರುತ್ತದೆ. ಬುಗುರಿ ಸುಮ್ಮನೆ ತಿರುಗುತ್ತಿದೆ. ಯಾವ ನಕ್ಷತ್ರದ ಹುಡುಗಿ ಯಾವ ಮನೆಗೆ ಬಂದಳು ಅನ್ನುವ ಲೆಕ್ಕ ಅದರ ಹತ್ತಿರ ಇಲ್ಲ. ಗೆರೆ ಎಳೆದವರು ನಾವು. ದಿನ ಹಿಡಿಯಲು, ಮಳೆ ಹಿಡಿಯಲು, ಹಬ್ಬ ಹಿಡಿಯಲು ಗೆರೆ ಬೇಕಿತ್ತು, ಎಳೆದೆವು. ಅದೇ ಗೆರೆಯನ್ನು ಅಕ್ಕನ ಎದುರು ಗೋಡೆ ಮಾಡಿ ನಿಲ್ಲಿಸಿದವರೂ ನಾವೇ.

ಸಂಕ್ರಾಂತಿ ದಿನ ಮತ್ತೆ ಅಳೆದೆವು. 74 ಸೆಂ.ಮೀ. ನೆರಳು ಆಗಲೇ ಆರು ಸೆಂ.ಮೀ. ಗಿಡ್ಡವಾಗಿತ್ತು. ಕಾಕೂ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಮಾದೇಲಿ ಮಾಡಿದ್ದರು. ಅಕ್ಕ ಕುಸುರೆಳ್ಳು ತಂದು ನಾಲ್ಕೂ ಮಂದಿಯ ಕೈಗೆ ಹಾಕಿ, "ಎಳ್ಳು-ಬೆಲ್ಲದಂಗ ಇರೂಣು" ಅಂದಳು. ಬೆಳಗಾವಿಯ ಸಂಬಂಧ ತಿರುಗಿ ಬರಲಿಲ್ಲ. ನಾವು ಆ ಸ್ಕ್ರೀನ್‌ಶಾಟ್ ಕಳಿಸಲೂ ಇಲ್ಲ.

ಊಟ ಆದ ಮೇಲೆ ಕಾಕಾ ಹೊಸ ಬಯೋಡೇಟಾ ಟೈಪ್ ಮಾಡಿಸಲು ನಮ್ಮ ಕಂಪ್ಯೂಟರ್ ಸೈನ್ಸಿನವನನ್ನು ಕೂರಿಸಿಕೊಂಡರು. ಹೆಸರು, ಓದು, ಕೆಲಸ ಎಲ್ಲ ಆಯಿತು. ನಕ್ಷತ್ರದ ಸಾಲಿಗೆ ಬಂದಾಗ ಅವನ ಬೆರಳು ನಿಂತಿತು. ಕಾಕಾ ಮಗಳ ಕಡೆ ನೋಡಿದರು.

"ಮೂಲಾ ಅಂತನ ಹಾಕ್ರಿ" ಅಂದಳು ಅಕ್ಕ. "ಅದನ್ನ ಓದಿ ಬರೂದಿಲ್ಲ ಅನ್ನೋರು ಬರೂದ ಬ್ಯಾಡ."

ಕಾಕೂ ಬ್ಯಾಡ ಅಂದರು. ಕಾಕಾ ಏನೂ ಅನ್ನಲಿಲ್ಲ. ಆ ಸಾಲು ಅವತ್ತು ಖಾಲಿಯೇ ಉಳಿಯಿತು. ಇದನ್ನು ಬರೆಯುವ ಹೊತ್ತಿಗೂ ಫೈಲ್ ನಮ್ಮ ಲ್ಯಾಪ್‌ಟಾಪಿನಲ್ಲಿ ಹಾಗೇ ಇದೆ, ನಕ್ಷತ್ರದ ಮುಂದೆ ಎರಡು ಚುಕ್ಕಿ ಮಾತ್ರ.

ಮೇಲೆ ಬಂದ ಮೇಲೆ ಕರ್ಜಿಕಾಯಿಯವ ಮಾಳಿಗೆಯ ಮೂಲೆಗೆ ಹೋಗಿ ಅಣ್ಣನಿಗೆ ಫೋನ್ ಹಚ್ಚಿದ. ಗೋಕುಲ ರಸ್ತೆ ಮೇಲೆ ಸಂಜೆಯ ವಿಮಾನ ಇಳಿಯುತ್ತಿತ್ತು, ಅವನು ಏನಂದ ನಮಗೆ ಪೂರ್ತಿ ಕೇಳಲಿಲ್ಲ. "ಆ ಆಶ್ಲೇಷಾ ಹುಡುಗಿ…" ಅನ್ನುವಷ್ಟು ಕೇಳಿತು. ಆಮೇಲೆ ಬಹಳ ಹೊತ್ತು ಅವನು ಅಲ್ಲೇ ನಿಂತು ಮಾತಾಡುತ್ತಿದ್ದ.